ಕಾವಲಿನ ಕಣ್ಣು, ನೆರೆಯವನ ಹೆಸರು

ಅಕ್ಟೋಬರ್ ತಿಂಗಳ ಒಂದು ಭಾನುವಾರ ಎರಡನೆಯ ಪೂಜೆಯನ್ನು ಮುಗಿಸಿ ನಾವು ದೇವಾಲಯದ ಬದಿಯ ಬಾಗಿಲಿನಿಂದ ಹೊರಬರುತ್ತಿದ್ದಾಗ, ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಮೆಟ್ಟಿಲ ಬಳಿ ಕಾದು ನಿಂತಿದ್ದರು. ಅವರ ಮಗಳು ಹದಿನೈದು ವರ್ಷಗಳ ಹಿಂದೆ ಮದುವೆಯಾಗಿ ಗಂಡನೊಂದಿಗೆ ಅಮೆರಿಕಕ್ಕೆ ಹೋದವರು; ಅಲ್ಲಿನ ಮಧ್ಯಮ ಗಾತ್ರದ ಪಟ್ಟಣವೊಂದರಲ್ಲಿ ಶಾಲಾ ಶಿಕ್ಷಕಿಯಾಗಿದ್ದವರು. ಈ ವರ್ಷ ಅವರು ಆ ಕೆಲಸ ಬಿಟ್ಟು ಬೇರೊಂದನ್ನು ಹಿಡಿದಿದ್ದಾರೆ. ತಾಯಿಯ ಸಂಕಟವೆಲ್ಲ ಆ ಹೊಸ ಕೆಲಸದ್ದು.

“ಫಾದರ್, ಅವಳು ಪೊಲೀಸಿಗೆ ಸೇರಿದ್ದಾಳಂತೆ. ಅಲ್ಲಿ ಎಲ್ಲರ ಕೈಯಲ್ಲೂ ಪಿಸ್ತೂಲು. ಎರಡು ಮಕ್ಕಳ ತಾಯಿ ಅವಳು. ನೀವೊಮ್ಮೆ ಫೋನಿನಲ್ಲಿ ಬುದ್ಧಿ ಹೇಳಬೇಕು.”

ಬುದ್ಧಿ ಹೇಳುವ ಮುನ್ನ ವಿಷಯ ತಿಳಿಯುವುದು ಒಳ್ಳೆಯದೆಂದು, ಆ ದಿನ ಸಂಜೆ ಅವರ ಮನೆಯಲ್ಲಿ ಕುಳಿತು ನಾವು ಮಗಳೊಡನೆ ಮಾತನಾಡಿದೆವು. ಅಲ್ಲಿ ಆಗ ಬೆಳಗು. ಆಕೆ ನಕ್ಕರು. ತನಗೆ ಸಮವಸ್ತ್ರವಿಲ್ಲ, ಆಯುಧವಿಲ್ಲ, ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಇಲಾಖೆಯಿಂದ ಸಂಬಳ ಪಡೆಯುವ ನಾಗರಿಕ ನೌಕರಳು ತಾನು ಎಂದರು. ಹುದ್ದೆಯ ಹೆಸರು ‘ಕಮ್ಯುನಿಟಿ ಕ್ರೈಮ್ ಪ್ರಿವೆನ್ಷನ್ ಸ್ಪೆಷಲಿಸ್ಟ್’. ಕನ್ನಡದಲ್ಲಿ ಅಪರಾಧ ತಡೆ ಕಾರ್ಯಕರ್ತೆ ಎನ್ನೋಣ. ಆಗಸ್ಟ್ ತಿಂಗಳಿನಲ್ಲಿ ತೆಗೆದ ಒಂದು ಛಾಯಾಚಿತ್ರವನ್ನು ತಾಯಿ ತಮ್ಮ ಮೊಬೈಲಿನಲ್ಲಿ ನಮಗೆ ತೋರಿಸಿದರು: ಬೀದಿಯ ಮಧ್ಯದಲ್ಲಿ ಒಂದು ಮಡಚುವ ಮೇಜು, ಅದರ ಮೇಲೆ ಕರಪತ್ರಗಳು, ಸುತ್ತ ಐಸ್‌ಕ್ರೀಂ ತಿನ್ನುವ ಮಕ್ಕಳು, ನಡುವೆ ನಗುತ್ತ ನಿಂತ ಮಗಳು. ಮಂಗಳವಾರ ಸಂಜೆ ಬೀದಿಯ ವಾಹನ ಸಂಚಾರ ನಿಲ್ಲಿಸಿ ನೆರೆಹೊರೆಯವರೆಲ್ಲ ಹೊರಬಂದು ಕೂಡುವ ಈ ‘ನ್ಯಾಷನಲ್ ನೈಟ್ ಔಟ್’ ಅಲ್ಲಿ 1984ರಿಂದ ನಡೆದುಬಂದಿದೆ. ಬಹುತೇಕ ಊರುಗಳಲ್ಲಿ ಆಗಸ್ಟಿನ ಮೊದಲ ಮಂಗಳವಾರ. ಚಿತ್ರ ನೋಡಿದರೆ ನಮ್ಮ ಹಬ್ಬದ ಸಂತೆಯಂತಿತ್ತು. “ಇದಕ್ಕೆ ಪೊಲೀಸ್ ಯಾಕೆ ಬೇಕು ಫಾದರ್?” ಎಂದು ತಾಯಿ ಕೇಳಿದ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹುಡುಕಿದ ಫಲವೇ ಈ ವಾರದ ಬರಹ.

ಮೊದಲು ಕೆಲಸದ ಸ್ವರೂಪ. ಯಾರಾದರೊಬ್ಬರು ಕರೆ ಮಾಡಿ ತಮ್ಮ ಬೀದಿಯಲ್ಲಿ ಕಳ್ಳತನ ಹೆಚ್ಚಿದೆ ಎಂದರೆ, ಆಕೆ ಕಳೆದ ಕೆಲವು ತಿಂಗಳ ದೂರುಗಳನ್ನು ತೆಗೆದು ನೋಡುತ್ತಾರೆ: ಯಾವ ಗಂಟೆ, ಯಾವ ದಿನ, ಮುಂಬಾಗಿಲೋ ಹಿಂಬಾಗಿಲೋ, ಬೀಗ ಮುರಿದದ್ದೋ ಅಥವಾ ತೆರೆದಿದ್ದ ಬಾಗಿಲಿನಿಂದ ನುಗ್ಗಿದ್ದೋ. ಬಳಿಕ ಮನೆಗೆ ಹೋಗಿ ಸುತ್ತಲೂ ನಡೆದು ಪರೀಕ್ಷಿಸುತ್ತಾರೆ. ಕಿಟಕಿಯ ಕೆಳಗಿನ ಪೊದೆ 3 ಅಡಿಗಿಂತ ಎತ್ತರ ಬೆಳೆಯದಂತೆ, ಮರದ ಕೊಂಬೆ 6 ಅಡಿಗಿಂತ ಕೆಳಗೆ ಇಳಿಯದಂತೆ ಕತ್ತರಿಸಬೇಕು. ಮಧ್ಯೆ ಉಳಿಯುವ ತೆರವಿನಲ್ಲಿ ಬಚ್ಚಿಟ್ಟುಕೊಳ್ಳಲು ಎಡೆಯಿಲ್ಲ. ಬೀಗದ ನಾಲಗೆ ಸೇರುವ ಲೋಹದ ಪಟ್ಟಿಗೆ ಮುಕ್ಕಾಲು ಇಂಚಿನ ಮೊಳೆಯ ಬದಲು 3 ಇಂಚಿನ ತಿರುಪು ಹಾಕಿದರೆ, ಒದೆತಕ್ಕೆ ಚೌಕಟ್ಟು ಸೀಳುವುದಿಲ್ಲ. ಪಕ್ಕಕ್ಕೆ ಸರಿಯುವ ಗಾಜಿನ ಬಾಗಿಲಿನ ಹಳಿಯಲ್ಲಿ ಒಂದು ಕೋಲನ್ನು ಅಡ್ಡ ಮಲಗಿಸಿದರೆ ಸಾಕು. ಇವೆಲ್ಲ ಅಜ್ಜಿಯಂದಿರ ಬುದ್ಧಿವಾದದಂತೆ ಕೇಳಿಸಿದರೂ ಕಳ್ಳನೊಬ್ಬನಿಗೆ ಬೇಕಾಗಿರುವುದು ಕೆಲವೇ ನಿಮಿಷಗಳ ಏಕಾಂತ. ಆ ನಿಮಿಷಗಳನ್ನು ಅವನಿಂದ ಕಸಿಯುವುದೇ ಈ ಉಪಾಯಗಳ ಗುಟ್ಟು.

ಉಳಿದಂತೆ ಶಾಲೆಗಳಲ್ಲಿ ಮಾತು, ಅಂಗಡಿಯವರಿಗೆ ದರೋಡೆಯ ಹೊತ್ತಿನಲ್ಲಿ ಹೇಗಿರಬೇಕೆಂಬ ತರಬೇತಿ, ವೃದ್ಧರ ಕೂಟಗಳಲ್ಲಿ ವಂಚನೆಯ ಕುರಿತು ಎಚ್ಚರಿಕೆ. ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುವುದು ‘ನೈಬರ್‌ಹುಡ್ ವಾಚ್’ ಎಂಬ ನೆರೆಕಾವಲು ಕೂಟಗಳನ್ನು ಕಟ್ಟುವ ಕೆಲಸ. ಒಂದು ಬೀದಿಯ ಮನೆಯವರನ್ನೆಲ್ಲ ಒಬ್ಬರ ಹಜಾರದಲ್ಲಿ ಸೇರಿಸಿ, ಹೆಸರು ಮತ್ತು ದೂರವಾಣಿ ಸಂಖ್ಯೆಗಳ ಪಟ್ಟಿ ಮಾಡಿ, ಅವರಲ್ಲೊಬ್ಬರನ್ನು ಬೀದಿಯ ಮುಖ್ಯಸ್ಥರನ್ನಾಗಿ ಆರಿಸುವುದು. ನಮ್ಮ ವಾಳೆಯ ಗುರ್ಕಾರರನ್ನು ನೆನೆದರೆ ಓದುಗರಿಗೆ ಚಿತ್ರ ತಟ್ಟನೆ ಮೂಡೀತು: ಯಾರ ಮನೆಯಲ್ಲಿ ಕಾಯಿಲೆ, ಯಾರು ಊರಿಗೆ ಹೋಗಿದ್ದಾರೆ, ಯಾರ ಮಗ ಯಾವ ರೈಲಿಗೆ ಬರುತ್ತಾನೆ ಎಂಬುದೆಲ್ಲ ಅವರಿಗೆ ಗೊತ್ತು. ವ್ಯತ್ಯಾಸವೆಂದರೆ, ಅಲ್ಲಿ ಹತ್ತು ವರ್ಷ ಅಕ್ಕಪಕ್ಕ ಬಾಳಿದವರು ಆ ಸಭೆಯಲ್ಲಿ ಮೊದಲ ಬಾರಿಗೆ ಒಬ್ಬರ ಹೆಸರನ್ನೊಬ್ಬರು ಕೇಳಿ ತಿಳಿಯುವುದುಂಟು. ಅಲ್ಲಿ ಮಾತ್ರವೇಕೆ, ನಮ್ಮ ನಗರಗಳ ವಸತಿ ಸಮುಚ್ಚಯಗಳಲ್ಲೂ ಈಗ ಅದೇ ಸ್ಥಿತಿ.

ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ, ಕೇಡೆಂಬುದಕ್ಕೆ ಸ್ವಂತ ಅಸ್ತಿತ್ವವಿಲ್ಲ, ಅದು ಒಳಿತಿನ ಅಭಾವ ಮಾತ್ರವೆಂಬ ಸಂತ ಆಗಸ್ಟೀನರ ವಿಚಾರವನ್ನು ನಾವು ಬಹಳ ಕಾಲ ಚರ್ಚಿಸಿದ್ದುಂಟು. ಇಲ್ಲಿ ಅದು ತಲೆಕೆಳಗಾಗಿದೆ. ಈಕೆಯ ಕೆಲಸದ ಒಳಿತಿಗಿರುವ ಸಾಕ್ಷ್ಯವೆಲ್ಲ ಅಭಾವದ ರೂಪದ್ದೇ. ಕಳ್ಳನನ್ನು ಹಿಡಿದ ಪೇದೆಗೆ ತೋರಿಸಲು ಕಳ್ಳನಿದ್ದಾನೆ. ಆಗದೆ ಉಳಿದ ಕಳ್ಳತನವನ್ನು ಯಾರಿಗೆ ತೋರಿಸುವುದು? ಪಟ್ಟಣದ ಆಯವ್ಯಯ ಕುಗ್ಗಿದಾಗ ಮೊದಲು ಕತ್ತರಿ ಬೀಳುವುದು ಇಂಥ ಹುದ್ದೆಗಳಿಗೇ ಎಂದು ಆಕೆ ಹೇಳಿದಾಗ ನಮಗೆ ಆಶ್ಚರ್ಯವಾಗಲಿಲ್ಲ.

ಈ ಹುದ್ದೆ ಹುಟ್ಟಿದ ಹಿನ್ನೆಲೆಯಲ್ಲಿ ಒಬ್ಬ ಯುವತಿಯ ಸಾವಿದೆ. 1964ರ ಮಾರ್ಚ್ 13ರ ಬೆಳಗಿನ ಜಾವ, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕ್ಯೂ ಗಾರ್ಡನ್ಸ್ ಎಂಬಲ್ಲಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ 28 ವರ್ಷದ ಕಿಟ್ಟಿ ಜೆನೊವೀಸ್ ಎಂಬಾಕೆ ಅಪರಿಚಿತನೊಬ್ಬನ ಚೂರಿಗೆ ಬಲಿಯಾದಳು. ಎರಡು ವಾರಗಳ ನಂತರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ತನ್ನ ಮುಖಪುಟದಲ್ಲಿ, 38 ಮಂದಿ ನೆರೆಯವರು ಕಿಟಕಿಯಲ್ಲಿ ನಿಂತು ನೋಡಿದರೂ ಯಾರೊಬ್ಬರೂ ಪೊಲೀಸರನ್ನು ಕರೆಯಲಿಲ್ಲವೆಂಬ ಅರ್ಥದ ವರದಿಯನ್ನು ಪ್ರಕಟಿಸಿತು. ಜಗತ್ತೇ ದಿಗ್ಭ್ರಮೆಗೊಂಡಿತು. ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಆ ಕಥೆ ನೆಲೆಯೂರಿತು. ನಾವೂ ನಮ್ಮ ಯೌವನದ ಪ್ರಬೋಧನೆಗಳಲ್ಲಿ ಅದನ್ನು ಮತ್ತೆ ಮತ್ತೆ ಹೇಳಿದ್ದೇವೆ. ಕಾಯಿನನು ತನ್ನ ತಮ್ಮನ ಬಗ್ಗೆ ದೇವರಿಗಿತ್ತ ಉತ್ತರದೊಡನೆ ಅದನ್ನು ಜೋಡಿಸುವುದು ಎಷ್ಟು ಸುಲಭವಾಗಿತ್ತು!

ಈಗ ಆ ಪ್ರಬೋಧನೆಗಳನ್ನು ನಾವು ತಿದ್ದಿಕೊಳ್ಳಬೇಕಾಗಿದೆ. ಆ 38ರ ಲೆಕ್ಕ ಸರಿಯಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿದವು; ಕೊಲೆಗಾರನು 2016ರಲ್ಲಿ ಸೆರೆಮನೆಯಲ್ಲಿ ಸತ್ತಾಗ ಅದೇ ಪತ್ರಿಕೆ ತನ್ನ ಹಳೆಯ ವರದಿಯಲ್ಲಿ ದೋಷವಿತ್ತೆಂದು ಒಪ್ಪಿಕೊಂಡಿತು. ನಡೆದುದನ್ನು ಸ್ಪಷ್ಟವಾಗಿ ಕಂಡವರು ಕೆಲವರೇ. ಒಬ್ಬರು ಕಿಟಕಿಯಿಂದ ಕೂಗಿದ್ದರಿಂದ ಹಂತಕ ಒಮ್ಮೆ ಓಡಿಹೋದದ್ದೂ ಉಂಟು. ಮರಳಿ ಬಂದು ಅವನು ಎರಡನೆಯ ಬಾರಿ ಇರಿದದ್ದು ಬೀದಿಗೆ ಕಾಣದ ಮೆಟ್ಟಿಲಡಿಯಲ್ಲಿ. ನೆರೆಯ ಮನೆಯ ಸೋಫಿಯಾ ಫಾರರ್ ಎಂಬ ಹೆಂಗಸು, ಹಂತಕ ಇನ್ನೂ ಅಲ್ಲೇ ಇರಬಹುದೆಂಬುದನ್ನೂ ಲೆಕ್ಕಿಸದೆ ಓಡಿಬಂದು, ಕಿಟ್ಟಿಯನ್ನು ತನ್ನ ತೋಳುಗಳಲ್ಲಿ ಹಿಡಿದು ಕುಳಿತಿದ್ದಳು. ಆ ಹೆಂಗಸಿನ ಹೆಸರು ಬಹಳ ವರ್ಷಗಳ ಕಾಲ ಜನರ ಬಾಯಿಗೆ ಬರಲಿಲ್ಲ. ಮನುಷ್ಯನ ಕಲ್ಲೆದೆಯ ಕಥೆಗೆ ಸಿಕ್ಕ ಪ್ರಚಾರದ ನೂರರಲ್ಲೊಂದು ಪಾಲೂ ಅವಳ ಧೈರ್ಯಕ್ಕೆ ಸಿಗಲಿಲ್ಲ. ಅದರಲ್ಲಿ ನಮ್ಮಂಥ ಬೋಧಕರ ಪಾಲೂ ಇದೆ.

ಆದರೆ ತಪ್ಪು ವರದಿಯಿಂದಲೂ ಕೆಲವು ಸರಿಯಾದ ಪ್ರಶ್ನೆಗಳು ಹುಟ್ಟಿದವು. ಆ ದಿನಗಳಲ್ಲಿ ಪೊಲೀಸರನ್ನು ಕರೆಯಲು ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆಯಿರಲಿಲ್ಲ. 911 ಎಂಬ ಸಂಖ್ಯೆಯ ಮೊದಲ ಕರೆ ಹೋದದ್ದು 1968ರಲ್ಲಿ, ಅಲಬಾಮಾ ರಾಜ್ಯದ ಒಂದು ಸಣ್ಣ ಪಟ್ಟಣದಿಂದ. 1972ರಲ್ಲಿ ಅಲ್ಲಿನ ಷೆರೀಫರ ರಾಷ್ಟ್ರೀಯ ಸಂಘವು ನೆರೆಕಾವಲು ಯೋಜನೆಯನ್ನು ದೇಶವ್ಯಾಪಿಯಾಗಿ ಆರಂಭಿಸಿತು. ಅದೇ ವರ್ಷ ಕಾನ್ಸಾಸ್ ನಗರದಲ್ಲಿ ಪೊಲೀಸರು ಒಂದು ದಿಟ್ಟ ಪ್ರಯೋಗಕ್ಕೆ ಕೈಹಾಕಿದರು. ನಗರದ 15 ಗಸ್ತು ವಲಯಗಳಲ್ಲಿ ಕೆಲವಕ್ಕೆ ಗಸ್ತು ವಾಹನವನ್ನೇ ಕಳುಹಿಸದೆ, ಕರೆ ಬಂದರೆ ಮಾತ್ರ ಹೋದರು; ಕೆಲವಕ್ಕೆ ಎಂದಿನಂತೆ; ಉಳಿದವಕ್ಕೆ ಎರಡು ಮೂರು ಪಟ್ಟು ಹೆಚ್ಚು. ಒಂದು ವರ್ಷದ ನಂತರ ಲೆಕ್ಕ ಹಾಕಿದರೆ ಅಪರಾಧದ ಪ್ರಮಾಣದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಗೊತ್ತುಗುರಿಯಿಲ್ಲದೆ ಬೀದಿ ಸುತ್ತುವ ಪೊಲೀಸ್ ವಾಹನ ತಾನಾಗಿ ಅಪರಾಧವನ್ನು ತಡೆಯದು ಎಂದಾಯಿತು. ಹಾಗಾದರೆ ತಡೆಯುವುದು ಯಾವುದು?

ಉತ್ತರದ ಒಂದು ತುಣುಕು ಸೇಂಟ್ ಲೂಯಿಸ್ ನಗರದಿಂದ ಬಂತು. ಅಲ್ಲಿ 1950ರ ದಶಕದಲ್ಲಿ ಬಡವರಿಗಾಗಿ ಪ್ರುಯಿಟ್-ಐಗೋ ಎಂಬ ವಸತಿ ಸಮುಚ್ಚಯವನ್ನು ಕಟ್ಟಿದ್ದರು. 11 ಅಂತಸ್ತಿನ 33 ಕಟ್ಟಡಗಳು. ಕೆಲವೇ ವರ್ಷಗಳಲ್ಲಿ ಅದು ಕಳ್ಳಕಾಕರ ಬೀಡಾಗಿ, 1972ರಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಕೆಡವಲಾರಂಭಿಸಿತು. ಆಸ್ಕರ್ ನ್ಯೂಮನ್ ಎಂಬ ವಾಸ್ತುಶಿಲ್ಪಿ ಅದನ್ನು ನೋಡಿ ಒಂದು ಸಂಗತಿಯನ್ನು ಗುರುತಿಸಿದರು. ಎರಡೇ ಕುಟುಂಬಗಳು ಹಂಚಿಕೊಂಡ ಮೆಟ್ಟಿಲ ಅಂಗಳ ಚೊಕ್ಕಟವಾಗಿತ್ತು; ಇಪ್ಪತ್ತು ಕುಟುಂಬಗಳ ಪಡಸಾಲೆ ಹೊಲಸು; ನೂರೈವತ್ತು ಕುಟುಂಬಗಳ ಪ್ರವೇಶದ್ವಾರ ಅಪಾಯದ ತಾಣ. ಎಲ್ಲರದೂ ಆದದ್ದು ಯಾರದೂ ಅಲ್ಲವಾಗಿತ್ತು. ರಸ್ತೆಯಾಚೆ ಅಂಥದೇ ಬಡಜನರು ವಾಸಿಸುತ್ತಿದ್ದ ಸಾಲುಮನೆಗಳ ಹಳೆಯ ಬಡಾವಣೆಗೆ ಯಾವ ತೊಂದರೆಯೂ ತಟ್ಟಿರಲಿಲ್ಲ. ಬಡವರೆಂದರೆ ಕಳ್ಳರೆಂದು ಸಲೀಸಾಗಿ ನಂಬುವವರು ಈ ರಸ್ತೆಯ ಎರಡು ಬದಿಗಳನ್ನು ಗಮನಿಸಬೇಕು.

ಇನ್ನೊಂದು ತುಣುಕು ಇಂಗ್ಲೆಂಡಿನದು. ಇದು ನಮ್ಮ ಮನಸ್ಸನ್ನು ಹೆಚ್ಚು ಸೆಳೆಯಿತು. ರಾಚ್‌ಡೇಲ್ ಪಟ್ಟಣದಲ್ಲಿ ಕರ್ಕ್‌ಹೋಲ್ಟ್ ಎಂಬ, ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಸರ್ಕಾರಿ ಬಡಾವಣೆಯಿದೆ. 1980ರ ದಶಕದಲ್ಲಿ ಅಲ್ಲಿ ಮನೆಗಳ್ಳತನ ಮಿತಿಮೀರಿತ್ತು. ಕೆನ್ ಪೀಸ್ ಮತ್ತು ಸಂಗಡಿಗರು ಬಂದು ಕಳ್ಳತನಕ್ಕೊಳಗಾದ ಮನೆಯವರನ್ನೂ ನೆರೆಯವರನ್ನೂ, ಅಷ್ಟೇಕೆ, ಸಿಕ್ಕಿಬಿದ್ದ ಕಳ್ಳರನ್ನೂ ಕೂರಿಸಿ ಮಾತನಾಡಿಸಿದರು. ತಿಳಿದುಬಂದದ್ದು ಎರಡು. ಅನೇಕ ಮನೆಗಳಲ್ಲಿ ನಾಣ್ಯ ಹಾಕಿ ಅನಿಲವನ್ನೋ ವಿದ್ಯುತ್ತನ್ನೋ ಪಡೆಯುವ ಮೀಟರುಗಳಿದ್ದವು. ಕಳ್ಳರಿಗೆ ಅವು ಗೋಡೆಗೆ ಮೊಳೆ ಹೊಡೆದಿಟ್ಟ ಹುಂಡಿಗಳು. ಎರಡನೆಯದು, ಒಮ್ಮೆ ಕಳ್ಳತನವಾದ ಮನೆಗೇ ಕೆಲವು ವಾರಗಳಲ್ಲಿ ಮತ್ತೆ ಕನ್ನ ಬೀಳುವ ಸಂಭವ ಬಹಳ ಹೆಚ್ಚು. ಕಳ್ಳನಿಗೆ ದಾರಿ ಗೊತ್ತಾಗಿರುತ್ತದೆ, ಒಡೆದ ಬಾಗಿಲು ಇನ್ನೂ ಹಾಗೆಯೇ ಇರುತ್ತದೆ.

ಅವರು ಮಾಡಿದ್ದೇನು? ನಾಣ್ಯದ ಮೀಟರುಗಳನ್ನು ತೆಗೆಸಿದರು. ಇಡೀ ಬಡಾವಣೆಗೆ ಕಾವಲು ಹಾಕುವ ಬದಲು, ಪೆಟ್ಟು ತಿಂದ ಮನೆಯನ್ನು ಮಾತ್ರ ಹಿಡಿದುಕೊಂಡರು. ಅದರ ಬೀಗ ಬಲಪಡಿಸಿ, ಸುತ್ತಲಿನ ಆರೇಳು ಮನೆಯವರನ್ನು ಕಂಡು, ಸ್ವಲ್ಪ ದಿನ ಈ ಮನೆಯ ಮೇಲೆ ಕಣ್ಣಿಡಿ ಎಂದು ಬೇಡಿಕೊಂಡರು. ಗಾಯಗೊಂಡ ಮನೆಯ ಸುತ್ತ ನೆರೆಯವರೇ ರೇಷ್ಮೆಗೂಡಿನಂತೆ ನೆರೆದರು. ಐದು ತಿಂಗಳಲ್ಲಿ ಕಳ್ಳತನ ಹಿಂದಿನ ಪ್ರಮಾಣದ ಶೇಕಡ 40ಕ್ಕೆ ಇಳಿಯಿತು. ಮೂರು ವರ್ಷಗಳಲ್ಲಿ ಒಟ್ಟು ಇಳಿತ ಶೇಕಡ 75. ನಮ್ಮ ಶ್ರದ್ಧೆಯೆಲ್ಲ ಕಳ್ಳನನ್ನು ಹಿಡಿಯುವುದರ ಮೇಲಿರುವಾಗ ಇವರು ಕಳ್ಳತನಕ್ಕೊಳಗಾದವನಿಂದ ಆರಂಭಿಸಿದರು. ದಾರಿಯಲ್ಲಿ ಗಾಯಗೊಂಡು ಬಿದ್ದವನ ಬಳಿಗೆ ಹೋದ ಸಮಾರಿತನ ಕಥೆಯನ್ನು ಬಲ್ಲ ನಮ್ಮ ಓದುಗರಿಗೆ ಈ ಕ್ರಮ ಹೊಸದೆನಿಸದು.

ಮುಂದೆ ಬಂದ ಅಧ್ಯಯನಗಳೆಲ್ಲ ಇಷ್ಟು ಸಿಹಿಯಾಗಿಲ್ಲ. ಲಂಡನ್ ನಗರದ ನೆರೆಕಾವಲು ಕೂಟಗಳನ್ನು ಪರೀಕ್ಷಿಸಿದ ಟ್ರೆವರ್ ಬೆನೆಟ್ ಎಂಬ ವಿದ್ವಾಂಸರಿಗೆ 1990ರ ಹೊತ್ತಿಗೆ ಅಪರಾಧ ತಗ್ಗಿದ ಗುರುತು ಸಿಗಲಿಲ್ಲ. ಅವರೇ ಮುಂದೆ ಸಂಗಡಿಗರೊಡನೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇಕಡ 16ರಿಂದ 26ರಷ್ಟು ಇಳಿತ ಕಂಡುಬಂತು. ಪಂಡಿತರು ಒಪ್ಪುವ ಇನ್ನೊಂದು ಮಾತಿದೆ: ಇಂಥ ಕೂಟಗಳು ಸುಲಭವಾಗಿ ಹುಟ್ಟಿ ಬೆಳೆಯುವುದು ಅವುಗಳ ಅಗತ್ಯ ಅಷ್ಟಾಗಿ ಇಲ್ಲದ ಉಳ್ಳವರ ಬೀದಿಗಳಲ್ಲಿ. ಬಾಡಿಗೆ ಮನೆಗಳಲ್ಲಿ ಎರಡೆರಡು ಪಾಳಿ ದುಡಿಯುವವರ ಬೀದಿಯಲ್ಲಿ ಸಂಜೆ ಏಳಕ್ಕೆ ಸಭೆ ಕರೆದರೆ ಯಾರು ಬರುತ್ತಾರೆ? ನಮ್ಮ ಪರಿಚಿತೆಯ ಅನುಭವವೂ ಅದೇ. ಆಕೆ ಈಗ ಅಂಥ ಬೀದಿಗಳಿಗೆ ಬೆಳಿಗ್ಗೆ ಬಸ್ಸಿನ ಹೊತ್ತಿಗೇ ಹೋಗಿ ನಿಲ್ಲುತ್ತಾರಂತೆ.

ವೃದ್ಧರ ಕೂಟಗಳ ವಿಷಯ ಬಂದಾಗ ಆಕೆಯ ದನಿ ತುಸು ಕುಗ್ಗಿತು. ಅಲ್ಲಿನ ಮುದುಕ ಮುದುಕಿಯರಿಗೆ ಬರುವ ವಂಚನೆಯ ಕರೆಗಳಲ್ಲಿ ಹಲವು ನಮ್ಮ ದೇಶದಿಂದ ಹೋಗುತ್ತವೆ. 2016ರ ಅಕ್ಟೋಬರಿನಲ್ಲಿ ಮುಂಬಯಿ ಬಳಿಯ ಠಾಣೆ ಜಿಲ್ಲೆಯ ಮೀರಾ ರೋಡಿನಲ್ಲಿ ಪೊಲೀಸರು ದಾಳಿ ನಡೆಸಿದಾಗ, ಅಮೆರಿಕದ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಲ್ಲಿನ ಜನರನ್ನು ಬೆದರಿಸಿ ಹಣ ಕೀಳುತ್ತಿದ್ದ ಕಾಲ್ ಸೆಂಟರುಗಳಲ್ಲಿ ನೂರಾರು ಯುವಕ ಯುವತಿಯರು ಸಿಕ್ಕಿದರು. ಅದೇ ತಿಂಗಳು ಅಮೆರಿಕದ ನ್ಯಾಯ ಇಲಾಖೆ ಇಂಥದೇ ವಂಚನೆಗಾಗಿ 56 ಮಂದಿಯ ಮೇಲೂ ಅಹಮದಾಬಾದಿನ 5 ಕಾಲ್ ಸೆಂಟರುಗಳ ಮೇಲೂ ಆರೋಪ ಹೊರಿಸಿತು. “ಫಾದರ್, ನಾನು ಮಾತಾಡಲು ನಿಂತರೆ, ನನ್ನ ಉಚ್ಚಾರಣೆ ಕೇಳಿದ ಕೂಡಲೇ ಕೆಲವು ಅಜ್ಜಿಯಂದಿರ ಮುಖ ಬಿಗಿಯುತ್ತದೆ. ಹಾಗೆ ಮಾತಾಡುವವರೇ ಅವರ ದುಡ್ಡು ಕಿತ್ತದ್ದು” ಎಂದರು. ಈಗ ಆ ಪಿಡುಗು ನಮ್ಮ ಮನೆಗೂ ಬಂದಿದೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ನಿವೃತ್ತ ಶಿಕ್ಷಕರ ಉಳಿತಾಯವನ್ನು ಗಂಟೆಗಳೊಳಗೆ ಬರಿದು ಮಾಡುವ ಸುದ್ದಿಯನ್ನು ಓದುಗರು ಇದೇ ಪತ್ರಿಕೆಯಲ್ಲಿ ಓದಿರಬಹುದು. ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ಹಣ ಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟರೆ ಹಣ ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ.

ಇಷ್ಟೆಲ್ಲ ಕೇಳಿದ ನಾವು ಕೊನೆಗೆ, ನಿಮ್ಮ ಕೆಲಸದಲ್ಲಿ ನಿಮಗೆ ಅತಿ ಹೆಚ್ಚು ಭಯ ಯಾವುದು ಎಂದು ಕೇಳಿದೆವು. ಕಳ್ಳರ ಹೆಸರು ಹೇಳುತ್ತಾರೆಂದು ನಾವು ಎಣಿಸಿದ್ದೆವು. ಆಕೆ “ಸ್ಯಾನ್‌ಫರ್ಡ್” ಎಂದರು.

ಸ್ಯಾನ್‌ಫರ್ಡ್ ಫ್ಲಾರಿಡಾ ರಾಜ್ಯದ ಒಂದು ಪಟ್ಟಣ. ಅಲ್ಲಿ ಬೇಲಿ ಗೇಟುಗಳುಳ್ಳ ಒಂದು ವಸತಿ ಬಡಾವಣೆಯಲ್ಲಿ 2011ರಲ್ಲಿ ಕೆಲವು ಕಳ್ಳತನಗಳಾದವು. ಆ ಆಗಸ್ಟ್‌ನಲ್ಲಿ ಇಬ್ಬರು ಹುಡುಗರು ಒಂದು ಮನೆಗೆ ಹಗಲಲ್ಲೇ ನುಗ್ಗಿದಾಗ, ಒಳಗಿದ್ದ ಎಳೆಯ ತಾಯಿ ಹಸುಗೂಸನ್ನೆತ್ತಿಕೊಂಡು ಮೇಲಿನ ಕೋಣೆಯಲ್ಲಿ ಅಗುಳಿ ಹಾಕಿ ಕುಳಿತಿದ್ದಳು. ಜನ ಹೆದರಿದರು. ಒಬ್ಬ ನಿವಾಸಿ ಮುಂದೆ ಬಂದು ನೆರೆಕಾವಲು ಕೂಟ ಬೇಕೆಂದನು. ಸೆಪ್ಟೆಂಬರಿನಲ್ಲಿ ಪೊಲೀಸ್ ಇಲಾಖೆಯ ಸ್ವಯಂಸೇವಕ ಸಂಯೋಜಕಿ ಬಂದು ಸಭೆ ನಡೆಸಿದರು. ನಮ್ಮ ಪರಿಚಿತೆಯಂತೆಯೇ ನಾಗರಿಕ ನೌಕರರು ಅವರು. ನೋಡಿ, ಕರೆ ಮಾಡಿ, ಅಷ್ಟೇ. ಯಾರನ್ನೂ ಹಿಂಬಾಲಿಸಬೇಡಿ, ತಡೆದು ಪ್ರಶ್ನಿಸಬೇಡಿ, ಉಳಿದದ್ದು ಪೊಲೀಸರ ಕೆಲಸ ಎಂದು ಅಲ್ಲಿ ತಿಳಿಹೇಳಿದ್ದನ್ನು ಅವರು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನುಡಿದರು.

2012ರ ಫೆಬ್ರವರಿ 26. ತಪಸ್ಸುಕಾಲದ ಮೊದಲ ಭಾನುವಾರ. ಮಳೆ ಬೀಳುತ್ತಿದ್ದ ಸಂಜೆ. ತಂದೆಯೊಡನೆ ಆ ಬಡಾವಣೆಗೆ ಬಂದು ತಂಗಿದ್ದ 17 ವರ್ಷದ ಟ್ರೇವಾನ್ ಮಾರ್ಟಿನ್ ಎಂಬ ಕರಿಯ ಹುಡುಗ, ಅಂಗಡಿಯಿಂದ ಮಿಠಾಯಿಯ ಪೊಟ್ಟಣವನ್ನೂ ಹಣ್ಣಿನ ಪಾನೀಯವನ್ನೂ ಕೊಂಡು, ತಲೆಗೆ ಮುಸುಕೆಳೆದುಕೊಂಡು ನಡೆದು ಬರುತ್ತಿದ್ದ. ಕಾವಲು ಕೂಟದ ಆ ಮುಖ್ಯಸ್ಥ ವಾಹನದಿಂದ ಅವನನ್ನು ಕಂಡು, ಅನುಮಾನಾಸ್ಪದ ವ್ಯಕ್ತಿಯೆಂದು ಪೊಲೀಸರಿಗೆ ಕರೆ ಮಾಡಿದ. ಅಲ್ಲಿಯವರೆಗೆ ಕಲಿಸಿದ ಪಾಠದಂತೆಯೇ ನಡೆದಿತ್ತು. ನಂತರ ಅವನು ವಾಹನದಿಂದಿಳಿದ. ಹಿಂಬಾಲಿಸುವ ಅಗತ್ಯವಿಲ್ಲವೆಂದು ಕರೆ ಸ್ವೀಕರಿಸಿದ ನೌಕರ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಅವನ ಬಳಿ ಪರವಾನಗಿಯುಳ್ಳ ಪಿಸ್ತೂಲಿತ್ತು. ಕೆಲವೇ ನಿಮಿಷಗಳಲ್ಲಿ ಇಬ್ಬರಿಗೂ ಹೊಯ್‌ಕೈಯಾಗಿ, ನಿರಾಯುಧನಾದ ಹುಡುಗ ತಾನು ತಂಗಿದ್ದ ಮನೆಯ ಸಮೀಪದಲ್ಲೇ ಗುಂಡು ತಗಲಿ ಸತ್ತ. ಏಪ್ರಿಲ್‌ವರೆಗೆ ಮೊಕದ್ದಮೆಯೇ ದಾಖಲಾಗಲಿಲ್ಲ. 2013ರ ಜುಲೈ 13ರಂದು ಜ್ಯೂರಿ, ಆತ್ಮರಕ್ಷಣೆಯ ವಾದ ಆಲಿಸಿದ ಬಳಿಕ ಆರೋಪಿಯನ್ನು ನಿರ್ದೋಷಿಯೆಂದು ಘೋಷಿಸಿತು. ಕಾನೂನಿನ ತೀರ್ಪನ್ನು ಇಲ್ಲಿ ಕುಳಿತು ಅಳೆಯಲು ನಾವು ಹೊರಟಿಲ್ಲ.

ಆದರೆ ಒಂದು ಮಾತನ್ನು ಹೇಳಲೇಬೇಕು. ಆ ಹಸುಗೂಸಿನ ತಾಯಿಯ ಭಯ ನಿಜ. ಸಂಯೋಜಕಿಯ ಪಾಠ ಸರಿಯಾದದ್ದು. ನೆರೆಯವರನ್ನು ಕಾಯಬೇಕೆಂಬ ಆಸೆಯೂ ಮೂಲತಃ ಒಳ್ಳೆಯದೇ. ಆದರೂ ಆ ಬಡಾವಣೆಯಲ್ಲಿ ಕಾಯುವವನಿಗೆ ಅವನು ಕಾಯುತ್ತಿದ್ದ ಜನರ ಪರಿಚಯವಿರಲಿಲ್ಲ. ಆ ಮನೆಗೆ ಅತಿಥಿಯಾಗಿ ಒಬ್ಬ ಹುಡುಗ ಬಂದಿದ್ದಾನೆಂದು ಅವನಿಗೆ ತಿಳಿದಿದ್ದರೆ, “ಏನಪ್ಪ, ಮಳೆಯಲ್ಲಿ ನೆನೆಯುತ್ತಿದ್ದೀಯಲ್ಲ” ಎಂದು ಕೇಳಿ ಮುಗಿಯುತ್ತಿತ್ತು. ಕರ್ಕ್‌ಹೋಲ್ಟಿನ ನೆರೆಯವರು ಒಂದು ಮನೆಯನ್ನು ಕಾದರು. ಇಲ್ಲಿ ಒಬ್ಬನು ಅಪರಿಚಿತರ ವಿರುದ್ಧ ಬೇಲಿಯನ್ನು ಕಾದನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಲಸ. ಎರಡಕ್ಕೂ ಹೆಸರು ನೆರೆಕಾವಲು. ಆದರೆ ಒಂದರ ಗುರಿ ಗಾಯಗೊಂಡವನು, ಇನ್ನೊಂದರ ಗುರಿ ಗುರುತಿಲ್ಲದವನು. ಹೀಗೆ ಗುರುತಿಲ್ಲದವನ ಸ್ಥಾನದಲ್ಲಿ ನಿಲ್ಲುವವರು ಯಾರೆಂದು ಎಲ್ಲ ದೇಶಗಳಲ್ಲೂ ಮೊದಲೇ ತೀರ್ಮಾನವಾಗಿರುತ್ತದೆ: ಅಲ್ಲಿ ಕರಿಯ ಹುಡುಗ, ನಮ್ಮ ನಗರಗಳಲ್ಲಿ ಕೆಲಸ ಹುಡುಕಿ ಬಂದ ಪರಭಾಷೆಯ ಕೂಲಿಯಾಳು. 2018ರಲ್ಲಿ ಮಕ್ಕಳ ಕಳ್ಳರ ಸುಳ್ಳು ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಗ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರು ಗುಂಪಿನ ಕೈಯಲ್ಲಿ ಸತ್ತರು. ಹೊಡೆದವರಲ್ಲಿ ಎಷ್ಟೋ ಮಂದಿ ತಾವು ಊರಿನ ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದರು.

ನಮ್ಮ ಪರಿಚಿತೆ ಈಗ ಪ್ರತಿಯೊಂದು ಹೊಸ ಕೂಟದ ಮೊದಲ ಸಭೆಯಲ್ಲೂ ಕಳ್ಳರ ವಿಷಯವನ್ನೇ ಎತ್ತುವುದಿಲ್ಲವಂತೆ. ಹಾಳೆಯ ಮೇಲೆ ಬೀದಿಯ ನಕ್ಷೆ ಬರೆದು, ಪ್ರತಿ ಮನೆಯಲ್ಲೂ ಯಾರು ಯಾರಿದ್ದಾರೆ, ಮಕ್ಕಳ ಹೆಸರೇನು, ರಜೆಗೆ ಬರುವ ಮೊಮ್ಮಗ ಯಾರು ಎಂದು ತುಂಬಿಸುತ್ತಾರೆ. ತಿಳಿಯದ ಮನೆಯೆದುರು ಪ್ರಶ್ನಾರ್ಥಕ ಚಿಹ್ನೆ. ಮುಂದಿನ ಸಭೆಯೊಳಗೆ ಯಾರಾದರೊಬ್ಬರು ಆ ಮನೆಯ ಬಾಗಿಲು ತಟ್ಟಿ ಬರಬೇಕು. ಆನಂತರವೇ ಪೊಲೀಸರಿಗೆ ಕರೆ ಮಾಡುವ ಪಾಠ; ಅದರಲ್ಲೂ ಒಂದು ಕಟ್ಟುನಿಟ್ಟಿದೆ. ಒಬ್ಬನು ಏನು ಮಾಡುತ್ತಿದ್ದಾನೆಂದು ಹೇಳಬೇಕು, ಹೇಗೆ ಕಾಣುತ್ತಾನೆಂದಲ್ಲ. ಕಾರಿನ ಬಾಗಿಲುಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದಾನೆ ಎಂದರೆ ಅದು ದೂರು. ಮುಸುಕು ಹಾಕಿ ನಡೆಯುತ್ತಿದ್ದಾನೆ ಎಂದರೆ ಅದು ದೂರಲ್ಲ. ಬಣ್ಣ, ಉಡುಪು, ಎತ್ತರವೆಲ್ಲ ಗುರುತು ಹಿಡಿಯಲು ಪೊಲೀಸರು ಕೇಳಿದಾಗ ಮಾತ್ರ. ಸಭೆಯಲ್ಲಿ ಕೆಲವರು ಇದಕ್ಕೆ ಮುನಿಸಿಕೊಳ್ಳುತ್ತಾರೆ, ಒಬ್ಬಿಬ್ಬರು ಎದ್ದು ಹೋದದ್ದೂ ಉಂಟು ಎಂದರು.

ಪಕ್ಕದಲ್ಲಿ ಕುಳಿತಿದ್ದ ತಾಯಿ ಇದನ್ನೆಲ್ಲ ಕೇಳುತ್ತಿದ್ದರು. ಫೋನು ಇಟ್ಟ ಮೇಲೆ ಮಗಳ ಕೆಲಸದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗನ ತಾಯಿ ಈಗ ಹೇಗಿದ್ದಾರೆ ಫಾದರ್?” ಎಂದು ಕೇಳಿದರು. ನಮಗೆ ತಿಳಿದಷ್ಟನ್ನು ಹೇಳಿದೆವು. ಸಿಬ್ರಿನಾ ಫುಲ್ಟನ್ ಎಂದು ಅವರ ಹೆಸರು. ಮಗನ ಹೆಸರಿನಲ್ಲಿ ಒಂದು ಪ್ರತಿಷ್ಠಾನ ನಡೆಸುತ್ತ, ಬಂದೂಕಿಗೆ ಮಕ್ಕಳನ್ನು ಕಳೆದುಕೊಂಡ ಇತರ ತಾಯಂದಿರ ಜೊತೆ ನಿಂತವರು. 2020ರಲ್ಲಿ ಮಯಾಮಿ-ಡೇಡ್ ಕೌಂಟಿಯ ಆಡಳಿತ ಮಂಡಳಿಗೆ ಚುನಾವಣೆಗೆ ನಿಂತು ಅತ್ಯಲ್ಪ ಮತಗಳ ಅಂತರದಲ್ಲಿ ಸೋತವರು.

ನವೆಂಬರ್ ತಿಂಗಳಿನಲ್ಲಿ ಮೃತರಿಗಾಗಿ ಪ್ರಾರ್ಥಿಸಲು ಹೆಸರು ಬರೆದುಕೊಡುವ ಚೀಟಿ ಆ ಮನೆಯ ಮೇಜಿನ ಮೇಲಿತ್ತು. ಗಂಡನ ಹೆಸರು, ಅತ್ತೆ ಮಾವಂದಿರ ಹೆಸರು ಆಗಲೇ ಬರೆದಿದ್ದರು. ಅವರು ಪೆನ್ನು ತೆಗೆದುಕೊಂಡು, ಟ್ರೇವಾನ್ ಎಂಬುದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ನಮ್ಮನ್ನು ಕೇಳಿದರು.